ನೆಲದಡಿ ಖಾಲಿಯಾದ ಜಾಗವನ್ನು ಗಣಿ ಹೇಗೆ ನಿಭಾಯಿಸುತ್ತದೆ

ನೆಲದಡಿಯ ಗಣಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಂಡೆ ಒಡೆಯುವ ಕೆಲಸ. ಡ್ರಿಲ್ಲು, ಸಿಡಿಮದ್ದು, ಸದ್ದು, ದೂಳು. ಆದರೆ ಒಡೆಯುವುದು ಇಲ್ಲಿ ಸುಲಭದ ಪಾಲು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದ ಮೇಲಂತೂ ಅದು ಬಹುಮಟ್ಟಿಗೆ ಬಗೆಹರಿಯಿತು. ನಿಜವಾದ ಕಷ್ಟ ಶುರುವಾಗುವುದು ಒಡೆದ ಕಲ್ಲನ್ನು ಹೊರಗೆ ಸಾಗಿಸಿದ ಮೇಲೆ. ಅಲ್ಲೊಂದು ಖಾಲಿ ಜಾಗ ಉಳಿಯುತ್ತದೆ. ಕೋಟ್ಯಂತರ ವರ್ಷ ಅಲುಗಾಡದೆ ಒತ್ತಿಕೊಂಡಿದ್ದ ಬಂಡೆಗೆ ಈಗ ಸರಿಯಲು ಒಂದು ದಿಕ್ಕು ಸಿಗುತ್ತದೆ. ಅದೇ ಜಾಗದಲ್ಲಿ ಜನ ಕೆಲಸ ಮಾಡಬೇಕು, ಅಲ್ಲಿಗೆ ಗಾಳಿ ಬರಬೇಕು, ಅಲ್ಲಿಂದ ನೀರು ಹೋಗಬೇಕು. ಗಣಿಯವರು ತೆಗೆದುಕೊಳ್ಳುವ ಬಹುತೇಕ ಪ್ರತಿ ನಿರ್ಧಾರದ ಹಿಂದೆಯೂ ಈ ಖಾಲಿ ಜಾಗದ ಚಿಂತೆ ಇರುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ಇಡೀ ಗಣಿ ಅರ್ಥವಾಗುತ್ತದೆ ಅಂತ ನನಗನಿಸುತ್ತದೆ.

ಇಲ್ಲಿ ನಾನು ಹೇಳುತ್ತಿರುವುದು ಗಟ್ಟಿ ಬಂಡೆಯ ಗಣಿಗಳ ಬಗ್ಗೆ. ಚಿನ್ನ, ತಾಮ್ರ, ಸತು, ಸೀಸ, ಕೆಲವು ಕಡೆ ಕಬ್ಬಿಣ. ಕಲ್ಲಿದ್ದಲಿನ ಗಣಿ ಬೇರೆಯೇ ಲೋಕ. ಅಲ್ಲಿ ಪದರ ಮೆತ್ತಗಿರುತ್ತದೆ, ಸಾಮಾನ್ಯವಾಗಿ ಚಪ್ಪಟೆಯಾಗಿ ಹರಡಿರುತ್ತದೆ, ಯಂತ್ರದ ಹಲ್ಲಿಗೇ ಸಿಗುತ್ತದೆ. ಚಿನ್ನದ ಅದಿರು ಹಾಗಲ್ಲ. ಅದು ಎಷ್ಟೋ ಸಲ ಬಂಡೆಯ ನಡುವೆ ಓರೆಯಾಗಿ ಇಳಿದ ತೆಳುವಾದ ಸಿರ. ಒಂದೆರಡು ಮೀಟರ್ ದಪ್ಪ ಇರಬಹುದು, ಆಳ ಮಾತ್ರ ಕಿಲೋಮೀಟರ್‌ಗಟ್ಟಲೆ ಹೋಗಬಹುದು. ತಾಮ್ರದ ಅದಿರು ಇನ್ನೊಂದು ಥರ. ಇಡೀ ಗುಡ್ಡದಷ್ಟು ದೊಡ್ಡ ಮುದ್ದೆಯಾಗಿ ಸಿಗುವುದೂ ಉಂಟು. ಈ ಆಕಾರವೇ ಮುಂದಿನದ್ದನ್ನೆಲ್ಲ ನಿರ್ಧರಿಸುತ್ತದೆ.

ಮೊದಲು ಒತ್ತಡದ ಲೆಕ್ಕ ನೋಡೋಣ. ಒಂದು ಘನ ಮೀಟರ್ ಬಂಡೆ ಸುಮಾರು 2.7 ಟನ್ ತೂಗುತ್ತದೆ. ಒಂದು ಕಿಲೋಮೀಟರ್ ಆಳದಲ್ಲಿ ಪ್ರತಿ ಚದರ ಮೀಟರ್ ಮೇಲೆ ಸುಮಾರು 2,700 ಟನ್ ಕೂತಿರುತ್ತದೆ. ಮೂರು ಕಿಲೋಮೀಟರ್‌ಗೆ 8,000 ಟನ್ ದಾಟುತ್ತದೆ. ಪಕ್ಕದಿಂದ ಬರುವ ಒತ್ತಡವೂ ಇದೆ, ಕೆಲವು ಕಡೆ ಅದು ಮೇಲಿನ ಭಾರಕ್ಕಿಂತ ಜಾಸ್ತಿ. ಇಷ್ಟು ಭಾರದ ನಡುವೆ ಸುರಂಗ ಕೊರೆದರೆ ಆ ಒತ್ತಡ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಹೊಳೆಯ ನೀರು ನಡುವೆ ನಿಂತ ಬಂಡೆಯನ್ನು ಬಳಸಿಕೊಂಡು ಎರಡೂ ಬದಿಗೆ ಜೋರಾಗಿ ಹರಿಯುವ ಹಾಗೆ, ಒತ್ತಡ ಸುರಂಗದ ಸುತ್ತ ಬಳಸಿ ಹೋಗುತ್ತದೆ. ಹಾಗಾಗಿ ಅಂಚಿನ ಬಂಡೆಯ ಮೇಲೆ ಮೊದಲಿಗಿಂತ ಎರಡು ಮೂರು ಪಟ್ಟು ಭಾರ ಬೀಳಬಹುದು. ಆ ಅಂಚು ತಡೆದುಕೊಂಡರೆ ಸುರಂಗ ನಿಲ್ಲುತ್ತದೆ.

ಒಳಗೆ ಇಳಿಯಲು ಎರಡು ದಾರಿ. ಒಂದು, ನೇರ ಬಾವಿಯ ಥರದ ಶಾಫ್ಟ್. ಇನ್ನೊಂದು, ಸುರುಳಿಯಾಗಿ ಇಳಿಯುವ ಇಳಿಜಾರು ಸುರಂಗ. ಇಳಿಜಾರಿನಲ್ಲಿ ಸಾಮಾನ್ಯವಾಗಿ ಏಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ ಇಳಿಯುತ್ತದೆ. ಲಾರಿ, ಲೋಡರ್, ಜೀಪು ಎಲ್ಲ ಸೀದಾ ಓಡಿಸಿಕೊಂಡು ಹೋಗಬಹುದು. ಬೇಗ ಶುರು ಮಾಡಲು ಅನುಕೂಲ. ಆದರೆ ಒಂದು ಕಿಲೋಮೀಟರ್ ಆಳಕ್ಕೆ ಏಳು ಕಿಲೋಮೀಟರ್ ದಾರಿ ಆಯಿತು. ತುಂಬಿದ ಲಾರಿ ಅಷ್ಟು ದೂರ ಏರಬೇಕು, ಹೊಗೆ ಬಿಡಬೇಕು. ಆಳ ಹೆಚ್ಚಾದ ಹಾಗೆ ಶಾಫ್ಟೇ ಅಗ್ಗವಾಗುತ್ತದೆ. ಶಾಫ್ಟಿಗೂ ಮಿತಿ ಇದೆ. ಸುಮಾರು ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಉಕ್ಕಿನ ಹಗ್ಗದ ಸ್ವಂತ ತೂಕವೇ ದೊಡ್ಡ ಹೊರೆ. ಅದಕ್ಕಾಗಿ ಅತಿ ಆಳದ ಗಣಿಗಳಲ್ಲಿ ಒಂದು ಶಾಫ್ಟಿನಲ್ಲಿ ಇಳಿದು, ಸುರಂಗದಲ್ಲಿ ಸ್ವಲ್ಪ ದೂರ ಹೋಗಿ, ಮತ್ತೊಂದು ಶಾಫ್ಟಿನಲ್ಲಿ ಇಳಿಯಬೇಕಾಗುತ್ತದೆ.

ಶಾಫ್ಟನ್ನು ಅದಿರಿನ ಒಳಗೇ ಕೊರೆದರೆ ದಾರಿಯಲ್ಲೇ ಅದಿರು ಸಿಗುತ್ತದಲ್ವಾ ಅಂತ ಯಾರಿಗಾದರೂ ಅನಿಸಬಹುದು. ಹಾಗೆ ಮಾಡುವುದು ಅಪರೂಪ. ಓರೆ ಸಿರದ ಮೇಲಿನ ಬದಿಯ ಬಂಡೆಗೆ ಹ್ಯಾಂಗಿಂಗ್ ವಾಲ್ ಅಂತಾರೆ, ಕೆಳಬದಿಯದಕ್ಕೆ ಫುಟ್ ವಾಲ್. ಅದಿರು ತೆಗೆದ ಮೇಲೆ ಹ್ಯಾಂಗಿಂಗ್ ವಾಲ್ ಖಾಲಿ ಜಾಗದ ಕಡೆಗೆ ವಾಲುತ್ತದೆ. ಶಾಫ್ಟ್ ಆ ಬದಿಯಲ್ಲಿದ್ದರೆ ಇಪ್ಪತ್ತು ವರ್ಷದಲ್ಲಿ ಅದು ಸೊಟ್ಟಗಾಗಿ, ಜನರನ್ನು ಇಳಿಸುವ ಕೇಜು ಸಿಕ್ಕಿಕೊಳ್ಳಬಹುದು. ಅದಿರಿನೊಳಗೇ ಇದ್ದರೆ, ಶಾಫ್ಟನ್ನು ಉಳಿಸಲು ಸುತ್ತಲಿನ ಒಳ್ಳೆಯ ಅದಿರನ್ನು ಮುಟ್ಟದೆ ಬಿಡಬೇಕಾಗುತ್ತದೆ. ಅದಕ್ಕೇ ಹೆಚ್ಚಾಗಿ ಫುಟ್ ವಾಲ್ ಬದಿಯಲ್ಲಿ, ಅದಿರಿನಿಂದ ಸ್ವಲ್ಪ ದೂರದಲ್ಲಿ ಶಾಫ್ಟ್ ಇಳಿಸುತ್ತಾರೆ. ಅಲ್ಲಿಂದ ಒಂದೊಂದು ಮಟ್ಟದಲ್ಲೂ ಅದಿರಿನ ಕಡೆಗೆ ಅಡ್ಡ ಸುರಂಗ ಹೋಗುತ್ತದೆ. ಈ ಸುರಂಗಗಳಲ್ಲಿ ಸಿಗುವುದು ಬರೀ ಕಲ್ಲು. ಅದಿರಿನ ಒಂದು ಟನ್ ಕೂಡ ಮೇಲೆ ಬರುವ ಮೊದಲೇ ವರ್ಷಗಟ್ಟಲೆ ಹೀಗೆ ಬರೀ ಕಲ್ಲಿಗೆ ಹಣ ಸುರಿಯಬೇಕು.

ಈಗ ಸುರಂಗದ ತುದಿಗೆ ಹೋಗೋಣ. ಐದು ಮೀಟರ್ ಅಗಲ, ಐದು ಮೀಟರ್ ಎತ್ತರದ ಗೋಡೆ ಎದುರಿಗಿದೆ. ಜಂಬೋ ಅನ್ನುವ ಯಂತ್ರ ತನ್ನ ಉದ್ದ ಕೈಗಳಿಂದ ಆ ಗೋಡೆಯಲ್ಲಿ ಸುಮಾರು ನಾಲ್ಕು ಮೀಟರ್ ಆಳದ, ಹೆಬ್ಬೆರಳಿಗಿಂತ ದಪ್ಪದ ತೂತು ಕೊರೆಯುತ್ತದೆ. ಒಂದಲ್ಲ, ಅರವತ್ತರ ಆಸುಪಾಸು. ಕೊರೆಯುವಾಗ ತೂತಿನೊಳಗೆ ನೀರು ಹರಿಯುತ್ತಲೇ ಇರುತ್ತದೆ. ಈ ನೀರಿಗೆ ಒಂದು ಕಹಿ ಹಿನ್ನೆಲೆ ಇದೆ. 19ನೇ ಶತಮಾನದ ಕೊನೆಯಲ್ಲಿ ಬಂದ ಗಾಳಿ ಒತ್ತಡದ ಡ್ರಿಲ್‌ಗಳು ಒಣಗಲ್ಲನ್ನೇ ಕೊರೆಯುತ್ತಿದ್ದವು. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸಿಲಿಕಾ ದೂಳು ಕಾರ್ಮಿಕರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತಂದಿತು. ಇಂಗ್ಲಿಷ್ ಮಾತಾಡುವ ಗಣಿಗಳಲ್ಲಿ ಆ ಡ್ರಿಲ್ಲಿಗೆ 'ವಿಧವೆಯರನ್ನು ಮಾಡುವುದು' ಎಂಬ ಹೆಸರೇ ಬಿತ್ತು. ಡ್ರಿಲ್ಲಿನ ಕಂಬಿಯ ನಡುವೆ ನೀರು ಹರಿಸುವುದು ಅಷ್ಟು ಸರಳ ಉಪಾಯ. ಆದರೂ ಅದು ಎಲ್ಲ ಕಡೆ ರೂಢಿಯಾಗಲು ದಶಕಗಳೇ ಹಿಡಿದವು. ಆ ರೋಗಕ್ಕೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ತಡೆಯುವುದೊಂದೇ ದಾರಿ.

ತೂತುಗಳಿಗೆ ಸಿಡಿಮದ್ದು ತುಂಬುತ್ತಾರೆ. ಬಹಳ ಕಡೆ ಬಳಸುವುದು ಆನ್ಫೋ. ಅಂದರೆ ಅಮೋನಿಯಂ ನೈಟ್ರೇಟ್ 94 ಪಾಲು, ಡೀಸೆಲ್ ಥರದ ಎಣ್ಣೆ 6 ಪಾಲು. ನೀರು ಇರುವ ಕಡೆ ಮಾತ್ರ ನೀರಿಗೆ ಕೆಡದ ಎಮಲ್ಷನ್ ಎಂಬ ಮದ್ದು ಬೇಕು. ಎಲ್ಲ ತೂತುಗಳನ್ನೂ ಒಟ್ಟಿಗೆ ಸಿಡಿಸಿದರೆ ಏನಾಗುತ್ತದೆ? ಗೋಡೆ ಬಿರುಕು ಬಿಡುತ್ತದೆ, ಅಷ್ಟೇ. ಕಲ್ಲು ಹೊರಗೆ ಬರುವುದಿಲ್ಲ. ಯಾಕಂದರೆ ಒಡೆದ ಕಲ್ಲು ಹಿಗ್ಗುತ್ತದೆ, ಹಿಗ್ಗಲು ಅದಕ್ಕೆ ಜಾಗ ಬೇಕು. ಹಾಗಾಗಿ ಗೋಡೆಯ ನಡುವೆ ಒಂದೆರಡು ದಪ್ಪ ತೂತುಗಳನ್ನು ಬೇಕಂತಲೇ ಮದ್ದು ತುಂಬದೆ ಬಿಡುತ್ತಾರೆ. ಅದರ ಪಕ್ಕದ ತೂತು ಮೊದಲು ಸಿಡಿಯುತ್ತದೆ. ಅಲ್ಲಿನ ಕಲ್ಲು ಆ ಖಾಲಿ ತೂತಿನ ಕಡೆಗೆ ಒಡೆದು ಹೊರಗೆ ಹಾರುತ್ತದೆ, ಜಾಗ ಸ್ವಲ್ಪ ದೊಡ್ಡದಾಗುತ್ತದೆ. ಒಂದಿಷ್ಟು ಮಿಲಿಸೆಕೆಂಡ್ ಬಿಟ್ಟು ಮುಂದಿನದು, ಆಮೇಲೆ ಅದರ ಸುತ್ತಿನದು. ಹೀಗೆ ನಡುವಿನಿಂದ ಅಂಚಿಗೆ ಹರಡುತ್ತಾ ಹೋಗುತ್ತದೆ. ಅಂಚಿನ ತೂತುಗಳಿಗೆ ಮದ್ದು ಕಡಿಮೆ, ಉಳಿಯುವ ಗೋಡೆಗೆ ಪೆಟ್ಟಾಗಬಾರದಲ್ಲ. ನೆಲದ ಸಾಲು ಕೊನೆಯದು. ಅದು ರಾಶಿಯನ್ನು ಸ್ವಲ್ಪ ಎತ್ತಿ ಹಾಕಿ ಲೋಡರ್‌ಗೆ ಸಲೀಸು ಮಾಡುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡು. ನಾಲ್ಕು ಮೀಟರ್ ಪೂರ್ತಿ ಕಿತ್ತು ಬಂದರೆ ಸುಮಾರು 270 ಟನ್ ಕಲ್ಲು ನೆಲದ ಮೇಲೆ.

ಸಿಡಿಸುವುದು ಸಾಮಾನ್ಯವಾಗಿ ಪಾಳಿ ಮುಗಿದು ಜನರೆಲ್ಲ ಹೊರಗೆ ಬಂದ ಮೇಲೆ, ಅಥವಾ ಸುರಕ್ಷಿತ ಜಾಗ ಸೇರಿದ ಮೇಲೆ. ಆಮೇಲೆ ಯಾರೂ ತಕ್ಷಣ ಹೋಗುವ ಹಾಗಿಲ್ಲ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳನ್ನು ಫ್ಯಾನ್‌ಗಳು ಹೊರದಬ್ಬಬೇಕು, ಅಳೆದು ನೋಡಬೇಕು. ಆಮೇಲೆ ಮೊದಲು ಬರುವುದು ದೂಳು ಅಡಗಿಸಲು ನೀರಿನ ಪೈಪು. ಆಮೇಲೆ ಸ್ಕೇಲಿಂಗ್.

ಸ್ಕೇಲಿಂಗ್ ಅಂದರೆ ಉದ್ದನೆಯ ಕಂಬಿ ಹಿಡಿದು ಚಾವಣಿ ತಟ್ಟುತ್ತಾ, ಸಡಿಲವಾದ ಕಲ್ಲನ್ನು ಬೇಕಂತಲೇ ಬೀಳಿಸುವುದು. ಗಟ್ಟಿ ಬಂಡೆಗೆ ತಟ್ಟಿದರೆ ಟಣ್ ಅನ್ನುತ್ತದೆ. ಒಳಗೆ ಬಿರುಕು ಬಿಟ್ಟು ಕಳಚಿಕೊಂಡ ಕಲ್ಲಿಗೆ ತಟ್ಟಿದರೆ ಡಬ್ ಅಂತ ಟೊಳ್ಳು ಸದ್ದು. ತಟ್ಟುವವರು ನಿಲ್ಲುವುದು ಯಾವತ್ತೂ ಗಟ್ಟಿಯಾಗಿದೆ ಅಂತ ಗೊತ್ತಾದ ಚಾವಣಿಯ ಕೆಳಗೆ. ಅಲ್ಲಿಂದ ಕಂಬಿ ಓರೆಯಾಗಿ ಚಾಚಿ, ಹೆಜ್ಜೆ ಹೆಜ್ಜೆಗೂ ಮುಂದೆ ಹೋಗುತ್ತಾರೆ. ಹಿಂದೆ ಸರಿಯುವ ದಾರಿಯಲ್ಲಿ ಏನೂ ಇಟ್ಟಿರುವುದಿಲ್ಲ. ಈಗ ದೊಡ್ಡ ಗಣಿಗಳಲ್ಲಿ ಇದನ್ನು ಯಂತ್ರವೇ ಮಾಡುತ್ತದೆ. ಆದರೆ ಗಟ್ಟಿ ಬಂಡೆಯ ಗಣಿಗಳಲ್ಲಿ ಚಾವಣಿಯಿಂದ ಕಲ್ಲು ಬೀಳುವುದು ಎಂದಿನಿಂದಲೂ ಸಾವಿನ ದೊಡ್ಡ ಕಾರಣಗಳಲ್ಲಿ ಒಂದು. ಕಿವಿಯಿಂದ ಬಂಡೆ ಓದುವ ಈ ಕಸುಬನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಸ್ಕೇಲಿಂಗ್ ಆದ ಮೇಲೆ ಬೋಲ್ಟ್. ಚಾವಣಿಯಲ್ಲಿ ಎರಡು ಎರಡೂವರೆ ಮೀಟರ್ ಉದ್ದದ ತೂತು ಕೊರೆದು ಉಕ್ಕಿನ ಸರಳು ಕೂರಿಸಿ, ರೆಸಿನ್ ಎಂಬ ಅಂಟಿನಿಂದ ಅಥವಾ ಸಿಮೆಂಟಿನಿಂದ ಬಿಗಿ ಮಾಡುತ್ತಾರೆ. ಈ ಬೋಲ್ಟ್‌ಗಳು ಮೇಲಿನ ಒಂದು ಕಿಲೋಮೀಟರ್ ಬಂಡೆಯನ್ನು ಹೊತ್ತು ನಿಲ್ಲುತ್ತವೆ ಅಂತ ತಿಳಿಯಬೇಡಿ. ಅದು ಯಾವ ಉಕ್ಕಿಗೂ ಆಗದ ಕೆಲಸ. ಒಡೆದ ತುಂಡುಗಳನ್ನು ಒಂದಕ್ಕೊಂದು ಬಿಗಿದು, ಜಾರದ ಹಾಗೆ ಹಿಡಿಯುವುದಷ್ಟೇ ಅವುಗಳ ಕೆಲಸ. ಹಾಗೆ ಬಿಗಿಯಾದ ಬಂಡೆ ತಾನೇ ಕಮಾನಿನಂತೆ ತನ್ನ ಭಾರ ಹೊರುತ್ತದೆ. ಬೋಲ್ಟುಗಳ ನಡುವೆ ಸಣ್ಣ ಕಲ್ಲು ಉದುರದಂತೆ ತಂತಿ ಜಾಲರಿ, ಬೇಕಾದರೆ ಅದರ ಮೇಲೆ ಶಾಟ್‌ಕ್ರೀಟ್, ಅಂದರೆ ಪೈಪಿನಿಂದ ರಭಸವಾಗಿ ಎರಚುವ ಕಾಂಕ್ರೀಟ್. ಇಷ್ಟಾದ ಮೇಲೆ ಜಂಬೋ ಮತ್ತೆ ಮುಂದೆ ಬರುತ್ತದೆ. ನಾಲ್ಕು ಮೀಟರ್ ಆಯಿತು, ಇನ್ನು ನಾಲ್ಕು ಮೀಟರ್.

ಕಲ್ಲು ಮೇಲೆ ಹೋಗುವ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಕುಳ್ಳಗಿನ ದೇಹದ ಲೋಡರ್ ಅದನ್ನು ಬಾಚಿಕೊಂಡು ಹೋಗಿ ಓರ್‌ಪಾಸ್ ಎಂಬ ಕಡಿದಾದ ತೂಬಿಗೆ ಸುರಿಯುತ್ತದೆ. ಭಾರವೇ ಅದನ್ನು ಕೆಳಗೆ ಇಳಿಸುತ್ತದೆ. ತಳದಲ್ಲಿ ಕ್ರಷರ್ ಪುಡಿ ಮಾಡುತ್ತದೆ, ಸ್ಕಿಪ್ ಅನ್ನುವ ದೊಡ್ಡ ಬಕೆಟ್ ಶಾಫ್ಟಿನಲ್ಲಿ ಮೇಲೆ ಎಳೆಯುತ್ತದೆ. ಸಾಮಾನ್ಯವಾಗಿ ಸ್ಕಿಪ್‌ಗಳು ಜೋಡಿಯಾಗಿರುತ್ತವೆ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ, ಹಾಗಾಗಿ ಖಾಲಿ ಸ್ಕಿಪ್ಪುಗಳ ತೂಕ ಒಂದಕ್ಕೊಂದು ಸರಿಹೋಗಿ ಮೋಟರ್‌ಗೆ ಬರೀ ಅದಿರಿನ ಮತ್ತು ಹಗ್ಗದ ಭಾರ ಉಳಿಯುತ್ತದೆ.

ಇನ್ನು ಅದಿರನ್ನೇ ತೆಗೆಯುವ ಕೆಲಸ. ಅದಿರು ತೆಗೆಯುವ ಜಾಗಕ್ಕೆ ಸ್ಟೋಪ್ ಅಂತಾರೆ. ಇಲ್ಲಿ ಖಾಲಿ ಜಾಗ ಸುರಂಗದ ಹಾಗೆ ಚಿಕ್ಕದಲ್ಲ, ಹತ್ತಾರು ಮೀಟರ್ ಎತ್ತರದ ಗುಹೆಯೇ ಆಗಬಹುದು. ಅದನ್ನು ನಿಭಾಯಿಸಲು ಮೂಲದಲ್ಲಿ ಮೂರೇ ಉಪಾಯ. ಕಂಬ ಬಿಡು, ತುಂಬು, ಇಲ್ಲವೇ ಕುಸಿಯಲು ಬಿಡು.

ಕಂಬ ಬಿಡುವುದು ಹಳೆಯ ಉಪಾಯ. ಚಪ್ಪಟೆ ಅದಿರಿನಲ್ಲಿ ಕೋಣೆಗಳ ಹಾಗೆ ಕೊರೆಯುತ್ತಾ, ನಡುನಡುವೆ ಅದಿರನ್ನೇ ಕಂಬವಾಗಿ ಉಳಿಸುತ್ತಾರೆ. ಖರ್ಚು ಕಡಿಮೆ, ಆದರೆ ಒಳ್ಳೆಯ ಅದಿರಿನ ಒಂದು ಪಾಲು ಕಂಬದಲ್ಲೇ ಉಳಿದುಹೋಗುತ್ತದೆ. ಆಳಕ್ಕೆ ಹೋದಂತೆ ಕಂಬ ದಪ್ಪ ಆಗಬೇಕು, ಒಂದು ಹಂತದಲ್ಲಿ ತೆಗೆಯುವುದಕ್ಕಿಂತ ಬಿಡುವುದೇ ಜಾಸ್ತಿ ಆಗುತ್ತದೆ.

ತುಂಬುವುದು ದುಬಾರಿ, ಆದರೆ ಬೆಲೆಬಾಳುವ ಅದಿರಿಗೆ ಇದೇ ಸರಿ. ತೆಳು ಸಿರವಾದರೆ ಕೆಳಗಿನಿಂದ ಒಂದೊಂದೇ ಪಟ್ಟಿ ತೆಗೆಯುತ್ತಾ, ತೆಗೆದ ಜಾಗವನ್ನು ಮರಳು ಅಥವಾ ಕಲ್ಲಿನಿಂದ ತುಂಬಿ, ಅದರ ಮೇಲೇ ನಿಂತು ಮುಂದಿನ ಪಟ್ಟಿ ಕೊರೆಯುತ್ತಾರೆ. ಅದಿರು ದಪ್ಪಗಿದ್ದು ಬಂಡೆ ಗಟ್ಟಿಯಿದ್ದರೆ ಒಂದರ ಮೇಲೊಂದು ಸುರಂಗ ಕೊರೆದು, ಅವುಗಳ ನಡುವೆ ಇಪ್ಪತ್ತು ಮೂವತ್ತು ಮೀಟರ್ ಉದ್ದದ ತೂತು ಹಾಕಿ ದೊಡ್ಡ ಪದರಗಳನ್ನೇ ಸಿಡಿಸುತ್ತಾರೆ. ಆ ಗುಹೆಯೊಳಗೆ ಮನುಷ್ಯರು ಕಾಲಿಡುವುದೇ ಇಲ್ಲ. ಲೋಡರ್ ಮಾತ್ರ ಒಳಗೆ ಹೋಗುತ್ತದೆ, ಚಾಲಕ ದೂರದಲ್ಲಿ ಕೂತು ರಿಮೋಟಿನಿಂದ ಓಡಿಸುತ್ತಾನೆ. ಗುಹೆ ಖಾಲಿಯಾದ ಮೇಲೆ ಅದಕ್ಕೆ ಪೇಸ್ಟ್ ತುಂಬುತ್ತಾರೆ. ಮೇಲೆ ಕಾರ್ಖಾನೆಯಲ್ಲಿ ಲೋಹ ತೆಗೆದ ಮೇಲೆ ಉಳಿದ ನುಣ್ಣನೆಯ ಪುಡಿಗೆ ಕೆಲವೇ ಪಾಲು ಸಿಮೆಂಟ್ ಮತ್ತು ನೀರು ಸೇರಿಸಿದ ದಪ್ಪ ಕೆಸರು ಅದು. ಕೆಲವು ವಾರದಲ್ಲಿ ಗಟ್ಟಿಯಾಗಿ ತಾನೇ ಗೋಡೆಯಾಗಿ ನಿಲ್ಲುತ್ತದೆ. ಆಗ ಪಕ್ಕದ ಅದಿರಿನ ಕಂಬವನ್ನೂ ಸಿಡಿಸಿ ತೆಗೆಯಬಹುದು. ಗಣಿಯ ಕಸವೇ ಗಣಿಯ ಗೋಡೆಯಾಗುವ ಈ ಉಪಾಯ ನನಗೆ ತುಂಬಾ ಇಷ್ಟ. ಕೋಲಾರದ ಚಿನ್ನದ ಗಣಿಗಳಲ್ಲಿ ಕಡಿದ ಗ್ರಾನೈಟ್ ಕಲ್ಲುಗಳನ್ನು ಗೋಡೆ ಕಟ್ಟಿದಂತೆ ಜೋಡಿಸಿ ಸ್ಟೋಪ್‌ಗಳನ್ನು ತುಂಬುತ್ತಿದ್ದರು. ಮೇಲಿನಿಂದ ಕಲ್ಲು ತಂದು, ನೆಲದಡಿಯಲ್ಲಿ ಕೈಯಲ್ಲೇ ಕಟ್ಟುವ ಕೆಲಸ.

ಮೂರನೆಯದು ಕುಸಿಯಲು ಬಿಡುವುದು. ಅದಿರು ಅಗಾಧವಾಗಿದ್ದು, ಅದರಲ್ಲಿ ಲೋಹ ಕಡಿಮೆ ಇದ್ದಾಗ ಈ ದಾರಿ. ಬ್ಲಾಕ್ ಕೇವಿಂಗ್‌ನಲ್ಲಿ ಅದಿರಿನ ತಳವನ್ನು ಮಾತ್ರ ಸಿಡಿಸಿ ಆಸರೆ ಕೀಳುತ್ತಾರೆ. ಮೇಲಿನದು ತನ್ನ ಭಾರಕ್ಕೆ ತಾನೇ ಒಡೆದು ಇಳಿಯುತ್ತದೆ, ಕೆಳಗಿನ ಬಾಯಿಗಳಿಂದ ಅದನ್ನು ಬಾಚುತ್ತಾ ಹೋಗುತ್ತಾರೆ. ಚಿಲಿಯ ಎಲ್ ತೆನಿಯೆಂತೆ ತಾಮ್ರದ ಗಣಿ ಹೀಗೇ ನಡೆಯುತ್ತದೆ. ಅಲ್ಲಿನ ಸುರಂಗಗಳ ಒಟ್ಟು ಉದ್ದ 3,000 ಕಿಲೋಮೀಟರ್‌ಗಿಂತ ಜಾಸ್ತಿ. ಕುಸಿತ ಕೊನೆಗೆ ಮೇಲಿನ ನೆಲವನ್ನೂ ಮುಟ್ಟುತ್ತದೆ. ಸ್ವೀಡನ್ನಿನ ಕಿರುನಾದಲ್ಲಿ ಕಬ್ಬಿಣದ ಅದಿರನ್ನು ಇದರ ಹತ್ತಿರದ ವಿಧಾನದಲ್ಲಿ ತೆಗೆಯುತ್ತಾರೆ. ಅಲ್ಲಿ ನೆಲ ಸರಿಯುತ್ತಿರುವುದರಿಂದ ಊರಿನ ದೊಡ್ಡ ಭಾಗವನ್ನೇ ಬೇರೆ ಕಡೆಗೆ ಒಯ್ಯುತ್ತಿದ್ದಾರೆ. 1912ರಲ್ಲಿ ಕಟ್ಟಿದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ ಸುಮಾರು 5 ಕಿಲೋಮೀಟರ್ ಸಾಗಿಸಿದರು.

ಕುಸಿಯಬೇಕಾದದ್ದು ಕುಸಿಯದಿದ್ದರೆ ಇನ್ನೂ ಅಪಾಯ. ಕೆಳಗಿನಿಂದ ಅದಿರು ತೆಗೆಯುತ್ತಾ ಹೋಗಿ, ಮೇಲಿನ ಬಂಡೆ ಮಾತ್ರ ಕಮಾನಾಗಿ ನಿಂತುಬಿಟ್ಟರೆ ನಡುವೆ ದೊಡ್ಡ ಗಾಳಿಯ ಗುಹೆ ಉಳಿಯುತ್ತದೆ. ಆಸ್ಟ್ರೇಲಿಯಾದ ನಾರ್ತ್‌ಪಾರ್ಕ್ಸ್ ಗಣಿಯಲ್ಲಿ 1999ರ ನವೆಂಬರ್‌ನಲ್ಲಿ ಅಂಥ ಗುಹೆಯ ಚಾವಣಿ ಒಮ್ಮೆಗೇ ಬಿತ್ತು. ಅಷ್ಟು ಕಲ್ಲು ಕೆಳಗೆ ತಳ್ಳಿದ ಗಾಳಿ ಸುರಂಗಗಳ ಮೂಲಕ ಬಿರುಗಾಳಿಯಾಗಿ ನುಗ್ಗಿ ನಾಲ್ವರನ್ನು ಕೊಂದಿತು. ಕಲ್ಲು ಅವರ ಮೇಲೆ ಬಿದ್ದಿರಲಿಲ್ಲ. ಅಂದಿನಿಂದ ಇಂಥ ಗಣಿಗಳಲ್ಲಿ ಮೇಲಿನ ಖಾಲಿ ಜಾಗ ಎಷ್ಟಿದೆ ಅಂತ ಸದಾ ಅಳೆಯುವುದು, ಕೆಳಗೆ ಒಡೆದ ಅದಿರಿನ ದಪ್ಪ ಹಾಸು ಉಳಿಸುವುದು ಬಹಳ ಗಂಭೀರವಾದ ವಿಷಯ.

ಆಳದ ಗಣಿಗೆ ಇನ್ನೊಂದು ಶತ್ರು ಬಂಡೆ ಸ್ಫೋಟ. ಒತ್ತಡ ಮಿತಿಮೀರಿದಾಗ ಗಟ್ಟಿ ಬಂಡೆ ಮೆತ್ತಗೆ ಬಾಗುವುದಿಲ್ಲ, ಸಿಡಿಯುತ್ತದೆ. ಮದ್ದಿಲ್ಲದೆಯೇ ಸುರಂಗದ ಗೋಡೆ ಒಳಕ್ಕೆ ಹಾರುತ್ತದೆ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಹೋಗಿತ್ತು. ಅಲ್ಲಿ ಇದು ನೂರು ವರ್ಷ ಕಾಡಿದ ಸಮಸ್ಯೆ. ಇಂಥ ಕಡೆ ಬಂಡೆಯೊಳಗೆ ಕಂಪನ ಹಿಡಿಯುವ ಜಿಯೋಫೋನ್‌ಗಳನ್ನು ಹೂತು, ಸಣ್ಣ ಸಣ್ಣ ಬಿರುಕಿನ ಸದ್ದನ್ನೂ ದಾಖಲಿಸಿ, ಒತ್ತಡ ಎಲ್ಲಿ ಸೇರುತ್ತಿದೆ ಅಂತ ನೋಡುತ್ತಾರೆ. ಯಾವ ಸ್ಟೋಪ್ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮವನ್ನೂ ಅದೇ ಲೆಕ್ಕದಲ್ಲಿ ಬದಲಿಸುತ್ತಾರೆ. ಎರಡು ಖಾಲಿ ಜಾಗಗಳ ನಡುವೆ ಒಂಟಿಯಾಗಿ ಉಳಿದ ಕಂಬ ಎಲ್ಲಕ್ಕಿಂತ ಅಪಾಯದ್ದು, ಸುತ್ತಲಿನ ಭಾರವೆಲ್ಲ ಅದರ ಮೇಲೆ.

ಗಾಳಿಯ ವಿಷಯಕ್ಕೆ ಬರೋಣ. ಒಂದು ಶಾಫ್ಟಿನಿಂದ ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಬಾಗಿಲು, ಪರದೆ, ಫ್ಯಾನ್‌ಗಳಿಂದ ಗಾಳಿಯನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ಅನೇಕ ಗಣಿಗಳು ಮೇಲೆ ತರುವ ಅದಿರಿಗಿಂತ ಹಲವು ಪಟ್ಟು ತೂಕದ ಗಾಳಿಯನ್ನು ಒಳಗೆ ದೂಡುತ್ತವೆ, ವಿದ್ಯುತ್ ಬಿಲ್ಲಿನಲ್ಲಿ ಇದಕ್ಕೇ ದೊಡ್ಡ ಪಾಲು. ಬಿಸಿಲಿಲ್ಲದ ಜಾಗದಲ್ಲಿ ತಂಪಿರುತ್ತದೆ ಅನ್ನುವ ನಂಬಿಕೆ ಆಳದಲ್ಲಿ ಸುಳ್ಳಾಗುತ್ತದೆ. ಕೆಳಗೆ ಹೋದಷ್ಟೂ ಬಂಡೆಯೇ ಬಿಸಿ. ಜೊತೆಗೆ ಒಣ ಗಾಳಿ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಒತ್ತಡದಿಂದಲೇ ಸುಮಾರು 10 ಡಿಗ್ರಿ ಕಾಯುತ್ತದೆ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿ ಸುಮಾರು 4 ಕಿಲೋಮೀಟರ್ ಆಳ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮುಟ್ಟುತ್ತದೆ. ಸುಮ್ನೆ ಗಾಳಿ ಊದಿದರೆ ಸಾಲದು, ಮೇಲೆ ಮಂಜುಗಡ್ಡೆ ತಯಾರಿಸಿ ಪೈಪಿನಲ್ಲಿ ಕೆಳಗೆ ಕಳಿಸುತ್ತಾರೆ.

ಅವಘಡವಾದಾಗ ಸುದ್ದಿ ಮುಟ್ಟಿಸಲು ಕೂಡ ಗಾಳಿಯೇ ಬೇಕು. ಡ್ರಿಲ್ಲಿನ ಸದ್ದಿನಲ್ಲಿ ಸೈರನ್ ಕೇಳುವುದಿಲ್ಲ. ಅದಕ್ಕೆ ಅನೇಕ ಗಣಿಗಳಲ್ಲಿ ಗಾಳಿಯೊಳಗೆ ಮರ್ಕಾಪ್ಟನ್ ಎಂಬ ಕೆಟ್ಟ ವಾಸನೆಯ ಅನಿಲ ಬಿಡುತ್ತಾರೆ. ವಾಸನೆ ಮೂಗಿಗೆ ಬಿದ್ದ ಕೂಡಲೇ ಕೆಲಸ ಬಿಟ್ಟು ಆಸರೆ ಕೋಣೆಗೆ ಹೋಗಬೇಕು. ಅಲ್ಲಿ ಬೇರೆಯೇ ಆಮ್ಲಜನಕ, ನೀರು, ಫೋನು ಇರುತ್ತವೆ. ಹೊರಗೆ ಬರಲು ಎರಡನೇ ದಾರಿ ಇಲ್ಲದ ಗಣಿ ಗಣಿಯೇ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2010ರ ಆಗಸ್ಟ್ 5ರಂದು ಚಿಲಿಯ ಸ್ಯಾನ್ ಹೊಸೆ ಗಣಿಯಲ್ಲಿ ಇಳಿಜಾರು ದಾರಿ ಕುಸಿದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಕೊಂಡರು. ಗಾಳಿಯ ಶಾಫ್ಟ್ ಹತ್ತಿ ಹೊರಬರಲು ನೋಡಿದರು. ಇರಬೇಕಾಗಿದ್ದ ಏಣಿ ಅಲ್ಲಿ ಇರಲಿಲ್ಲ. ಅವರು ಹೊರಗೆ ಬಂದದ್ದು 69 ದಿನದ ಮೇಲೆ.

ನೀರು ಇನ್ನೊಂದು ನಿತ್ಯದ ಕೆಲಸ. ಖಾಲಿ ಜಾಗ ಇದ್ದ ಕಡೆಗೆ ಸುತ್ತಲಿನ ನೀರೆಲ್ಲ ಜಿನುಗುತ್ತದೆ. ಒಂದು ಕಿಲೋಮೀಟರ್ ಎತ್ತರಕ್ಕೆ ನೀರು ತಳ್ಳಲು ಸುಮಾರು 100 ಬಾರ್ ಒತ್ತಡ ಬೇಕು, ಹಾಗಾಗಿ ಹಂತ ಹಂತವಾಗಿ ತೊಟ್ಟಿ ಕಟ್ಟಿ ಪಂಪ್ ಮಾಡುತ್ತಾರೆ. 1712ರ ನ್ಯೂಕೊಮೆನ್ ಉಗಿ ಯಂತ್ರವನ್ನು ಮೊದಲು ಕೂರಿಸಿದ್ದೇ ಗಣಿಯ ನೀರೆತ್ತಲು.

ಗಣಿ ಮುಚ್ಚುವಾಗ ಎಲ್ಲವನ್ನೂ ವಾಪಸ್ ತುಂಬಿಬಿಡಬಹುದಲ್ಲ ಅಂತ ಕೇಳುತ್ತಾರೆ. ಆಗುವುದಿಲ್ಲ. ಒಡೆದ ಕಲ್ಲು ಹಿಗ್ಗುತ್ತದೆ ಅಂತ ಆಗಲೇ ಹೇಳಿದೆ. ನೂರು ಘನ ಮೀಟರ್ ಬಂಡೆ ಒಡೆದರೆ ನೂರೈವತ್ತು ಘನ ಮೀಟರ್ ರಾಶಿ ಆಗುತ್ತದೆ. ಹಾಗಾಗಿ ಒಂದು ಪಾಲು ಮೇಲೆಯೇ ಉಳಿಯುತ್ತದೆ. ಅದರಲ್ಲಿ ಗಂಧಕದ ಖನಿಜಗಳಿದ್ದರೆ ಮಳೆ, ಗಾಳಿ ತಾಗಿ ಆಮ್ಲದ ನೀರು ಹರಿಯುತ್ತದೆ. ಅದನ್ನು ಮುಚ್ಚಿ ಕಾಪಾಡುವುದು ದಶಕಗಳ ಜವಾಬ್ದಾರಿ. ಪಂಪ್ ನಿಲ್ಲಿಸಿದ ಮೇಲೆ ನೀರು ನಿಧಾನವಾಗಿ ಏರಿ ಸುರಂಗಗಳನ್ನು ತುಂಬುತ್ತದೆ. ಏರುವ ನೀರು ಬಿರುಕುಗಳಿಗೆ ನುಗ್ಗಿ ಒತ್ತಡದ ಸಮತೋಲ ಕೆಡಿಸುತ್ತದೆ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಾದ ಮೇಲೂ, ನೀರು ತುಂಬುತ್ತಾ ಹೋದಂತೆ, ಅಲ್ಲಿನ ನೆಲದಡಿ ಕಂಪನಗಳು ದಾಖಲಾಗಿವೆ.